ಡಾಕರೋ ಪಾಡ್‌ಮನ್ನೋ

ಫ್ಯಾನು ಕರಕರ ಅನ್ನುತ್ತಿದೆ, ಮೇಜಿನ ಮೇಲಿನ ಹಳೇ ಲ್ಯಾಪ್‌ಟಾಪಿನದು, ಈ ಮುದುಕಪ್ಪನ್ನ ಸರ್ವರ್ ಮಾಡ್ತೀರಾ, ಪಾಪ ಬಿಡ್ರೀ ಅದನ್ನ ಅಂತ ನಗುತ್ತಿದ್ದಳು ಹೇಮಶ್ರೀ, ನನ್ನ ಹೆಂಡತಿ, ನಕ್ಕವಳು ಹೋಗಿ ಇವತ್ತಿಗೆ ಐವತ್ತೆರಡು ದಿನ — ಡಾಕರೋ ಪಾಡ್‌ಮನ್ನೋ, ಎರಡೂ ಮಾಡುವುದು ಒಂದೇ ಕೆಲಸ, ಒಂದು ತಂತ್ರಾಂಶವನ್ನು ಅದರ ಸಾಮಾನು ಸಮೇತ ಡಬ್ಬಿಯಲ್ಲಿಟ್ಟು ಓಡಿಸುವುದು, ಅಷ್ಟಕ್ಕೆ ನಾಲ್ಕು ತಿಂಗಳು ಅಳೆದು ಸುರಿದೆನಲ್ಲ, ಥೂ ನನ್ನ. ಹಿರೇಹಳ್ಳಿ ಕಾರ್ಖಾನೆಯಲ್ಲಿ ಪಕ್ಕ ಕೂರುವ ತಿಮ್ಮೇಶ್, ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವವನು, ಡಾಕರ್ ಹಾಕ್ಕೊಳಿ ಸಾರ್, ಸಿಕ್ಕಾಕ್ಕೊಂಡ್ರೆ ಹೇಳ್ಕೊಡೋಕೆ ನೂರ್ ಜನ ಅವ್ರೆ ಎಂದ, ನನಗೋ ಅದರ ಕೈಗೆ ಇಡೀ ಯಂತ್ರದ ಯಜಮಾನಿಕೆ ಕೊಡಲು ಮನಸ್ಸಿಲ್ಲ, ಪಾಡ್‌ಮನ್ ಆದರೆ ತನ್ನ ಹದ್ದಿನಲ್ಲಿರುತ್ತದೆ, ಆದರೆ ಕರೆಂಟು ಹೋಗಿ ಬಂದರೆ ತಾನಾಗಿ ಏಳುವುದಿಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕು, ನಾಳೆ ನೋಡೋಣ, ನಾಳೆ.

ಅವಳ ಕಥೆಗಳು. ಗುಬ್ಬಿಯ ಶಾಲೆಯಲ್ಲಿ ತಾನು ಕಲಿಸುತ್ತಿದ್ದ ಒಂದನೇ ಕ್ಲಾಸಿನ ಮಕ್ಕಳಿಗಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡವು, ನೂರಾ ಹದಿನಾಲ್ಕು, ಕಾಗೆಗೊಂದು ದನಿ, ನರಿಗೊಂದು, ನಡುವೆ ಅವಳ ಕೆಮ್ಮು, ನಮ್ಮ ಕುಕ್ಕರಿನ ಸೀಟಿ — ತಾವಾಗಿ ಕಂಪನಿಯವರ ಕ್ಲೌಡಿಗೆ ಹೋಗುತ್ತಿದ್ದವು, ನಿಲ್ಲಿಸಿದವನು ನಾನು, ಅಲ್ಲಿದ್ದದ್ದನ್ನು ಅಳಿಸಿದವನೂ ನಾನೇ, ನಮ್ಮನೇದು ನಮ್ಮನೇಲೇ ಇರ್ಲಿ ಕಣೇ, ಈ ಲ್ಯಾಪ್‌ಟಾಪಲ್ಲೇ ಇಡ್ತೀನಿ, ಒಂದು ವಾರ ಕೊಡು. ಆಯ್ತು ಮಹಾಶಯರೇ, ನಿಮ್ಮ ವಾರ ಯಾವ ತಿಂಗಳಲ್ಲಿ ಬರುತ್ತೋ ನೋಡೋಣ. ಜ್ವರ ಬಂದದ್ದು ಸೋಮವಾರ, ಶನಿವಾರ ಅವಳನ್ನು ಕೂರಿಸಿ ಮಣ್ಣು ಮಾಡಿ ಬಂದೆವು, ವಿಭೂತಿಯ ಹಣೆ ಸ್ವಲ್ಪ ಬಾಗಿತ್ತು, ಯಾರೋ ಎತ್ತಿ ಸರಿ ಮಾಡಿದರು. ಶಿವಗಣಾರಾಧನೆಯ ದಿನ ಹಜಾರದಲ್ಲಿ ಜಂಗಮರ ಊಟ, ಒಳಕೋಣೆಯಲ್ಲಿ ನಾನು ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೆ ಹೇಳಲಿ ಇದನ್ನು, ಡಾಕರು ಪಾಡ್‌ಮನ್ನುಗಳ ಹೋಲಿಕೆ ಓದುತ್ತಿದ್ದೆ, ಅದನ್ನು ಓದುತ್ತಿರುವಷ್ಟು ಹೊತ್ತು ಅಳು ಬರುತ್ತಿರಲಿಲ್ಲ, ಅವಳ ಸೀರೆಗಳನ್ನು ಹಂಚಲು ಚೀಲಕ್ಕೆ ತುಂಬುತ್ತಿದ್ದ ಅತ್ತೆ ಬಸವಲಿಂಗಮ್ಮ ಬಾಗಿಲಲ್ಲಿ ನಿಂತು, ಅವ್ಳ ಈ ಫೋನು ನಮ್ಮ ಇಂಪನಾಗೆ ಕೊಡ್ಲಾ, ಹೇಮನ ಅಣ್ಣನ ಮಗ್ಳು, ಓದೋಕಾಯ್ತದೆ — ಹ್ಞೂಂ ಅಂದೆನಂತೆ. ತಲೆ ಎತ್ತಲಿಲ್ಲವಂತೆ.

ಇವತ್ತು ಬೆಳಿಗ್ಗೆ ಡಾಕರನ್ನೇ ಹಾಕಿದೆ, ಹತ್ತು ನಿಮಿಷ, ಬರೀ ಹತ್ತು ನಿಮಿಷದ ಕೆಲಸ ಅದು, ಕಾಫಿ ಕೂಡ ಆರಿರಲಿಲ್ಲ, ನಿಟ್ಟೂರಿನ ಅತ್ತೆಮನೆಗೆ ಫೋನು ಮಾಡಿದೆ, ಅತ್ತೆ, ಆ ಫೋನು ಒಂದಿನಕ್ಕೆ ಕಳಿಸಿಕೊಡ್ತೀರಾ. ಅಯ್ಯೋ ಅದ್ರ ಲಾಕು ಯಾರ್ಗೂ ಗೊತ್ತಿರ್ಲಿಲ್ಲ ಕಣಪ್ಪ, ಗುಬ್ಬೀಲಿ ಅಂಗ್ಡಿಯವ್ನು ಎಲ್ಲಾ ಅಳಿಸ್ಬುಟ್ಟು ಹೊಸ್ದರಂಗ್ ಮಾಡ್ಕೊಟ್ಟ, ಯಾಕೆ, ಅದ್ರಲ್ಲಿ ಏನಾದ್ರೂ ಇತ್ತಾ? ಏನಿಲ್ಲ ಅತ್ತೆ. ಏನಿಲ್ಲ ಎಂದೆ, ಆ ಮುದುಕಿಗೆ ಮತ್ತೇನು ಹೇಳಲಿ, ಮಗಳನ್ನು ಕಳಕೊಂಡವರು. ಸಿಮ್ಮು ಮಾತ್ರ ಅವ್ಳದ್ದೇ ಅದೆ, ಇಂಪನಾ ಮಾತಾಡ್ತಾಳಂತೆ, ಅದ್ರಿಂದ್ಲೇ ಮಾಡುಸ್ತೀನಿ ತಾಳಪ್ಪ ಅಂತ ಫೋನಿಟ್ಟರು — ಡಬ್ಬಿ ಓಡುತ್ತಿದೆ, ಸರಿಯಾಗಿಯೇ ಓಡುತ್ತಿದೆ, ಒಳಗೆ ಹಾಕಲು ಏನೂ ಇಲ್ಲ, ನಾನೇ, ನನ್ನ ಕೈಯಾರೆ — ಕೀಬೋರ್ಡಿನ ಪಕ್ಕ ಫೋನು ಅದುರುತ್ತಿದೆ, ಪರದೆಯಲ್ಲಿ ಹೇಮಾ ಎಂದಿದೆ, ನಿಂತಿತು, ಮತ್ತೆ ಅದುರುತ್ತಿದೆ, ಹೇಮಾ ಎಂದಿದೆ, ಹೇಮಾ