ಗುಡ್ಡದ ಶಾತೊನೆಫ್, ಹೊಳೆಯ ಶಾತೊನೆಫ್

ಮದುವೆಗೆ ಮುಂಚೆ ಇಬ್ಬರೂ ಕೋಟೆ ನೋಡಲು ಹೋಗಿದ್ದ ಶಾತೊನೆಫ್ ಎಂಬ ಊರಿಗೆ ಈ ಭಾನುವಾರ ಮತ್ತೆ ಹೋಗಿಬರುವುದೆಂದು ತೀರ್ಮಾನವಾಗಿತ್ತು. ಮುದುಕ ಗಾಸ್ಪಾರ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ.

"ಗಟ್ಟಿ ಬೂಟು ಹಾಕ್ಕೋ, ಗುಡ್ಡ ಹತ್ತಬೇಕು," ಎಂದ ಹೆಂಡತಿಗೆ.

"ಯಾವ ಗುಡ್ಡ? ಕೋಟೆ ಇರೋದು ಹೊಳೆ ದಂಡೇಲಿ," ಎಂದಳು ಸೊಲಾಂಜ್, ಬ್ರೆಡ್ ಕೊಯ್ಯುತ್ತಾ.

"ಹೊಳೆ ಎಲ್ಲಿಂದ ಬಂತೇ ಮುದುಕಿ? ಕುಡಿಯೋಕೆ ನೀರಿಲ್ಲದೆ ಒದ್ದಾಡಿದ್ವಿ!"

"ನಿಂಗೆ ಅರಳುಮರಳು. ದೋಣೀಲಿ ಕೂತಿದ್ವಿ. ನನ್ನ ಟೋಪಿ ನೀರಿಗೆ ಬಿತ್ತು. ನೀನು ಬಟ್ಟೆ ಸಮೇತ ಧುಮುಕಿ ತಂದುಕೊಟ್ಟೆ."

ಗಾಸ್ಪಾರ್ ಕನ್ನಡಕ ಒರೆಸಿಕೊಂಡ. ಅವನಿಗೆ ಈಜು ಬಾರದು. ಆದರೂ ಇಷ್ಟು ಖಚಿತವಾಗಿ ಹೇಳುತ್ತಾಳಲ್ಲ, ನಿಜವಾಗಿಯೂ ಧುಮುಕಿದ್ದೆನೇ ಎಂದು ತನ್ನ ಮೇಲೇ ಅನುಮಾನ ಬಂತು.

ಮತ್ತೆ ನಕ್ಷೆಯ ಮೇಲೆ ಬೆರಳಾಡಿಸಿದ. ಗುಡ್ಡದ ಮೇಲೊಂದು ಶಾತೊನೆಫ್ ಇತ್ತು. ಬೆರಳು ಕೆಳಗಿಳಿದಾಗ ಹೊಳೆಯ ದಂಡೆಯಲ್ಲಿ ಇನ್ನೊಂದು ಸಿಕ್ಕಿತು. ಶಾತೊನೆಫ್ ಎಂದರೆ ಹೊಸಕೋಟೆ. ಹಿಂದಿನ ಪುಣ್ಯಾತ್ಮರು ಕಟ್ಟಿದ ಕೋಟೆಗೆಲ್ಲ ಅದೇ ಹೆಸರಿಟ್ಟು ಕೈತೊಳೆದುಕೊಂಡಿದ್ದರು.

"ಸಿಕ್ತು! ಎರಡು ಊರು ಕಣೇ! ನಾನು ಹೇಳಿದ್ದು ಇದು, ನೀನು ಹೇಳಿದ್ದು ಅದು. ಇಬ್ಬರದೂ ಸರಿ!" ಎಂದು ಮೇಜು ಗುದ್ದಿ ನಕ್ಕ.

ಸೊಲಾಂಜಳ ಚಾಕು ಬ್ರೆಡ್ಡಿನ ನಡುವೆಯೇ ನಿಂತಿತ್ತು. ಅವನ ನಗುವೂ ಅರ್ಧಕ್ಕೆ ನಿಂತಿತು.

"ಹಾಗಾದ್ರೆ ಧುಮುಕಿದ್ದು ಯಾರು?"

"ಗುಡ್ಡಕ್ಕೇ ಹೋಗೋಣ ಬಿಡು," ಎಂದಳು ಸೊಲಾಂಜ್ ಮೆಲ್ಲಗೆ. "ಗಟ್ಟಿ ಬೂಟೇ ಹಾಕ್ಕೋತೀನಿ."