ಉಲ್ಟಾ ಗಡಿಯಾರಕ್ಕೆ ಪೂರ್ತಿ ಅಂಕ

ಇಪ್ಪತ್ತು ವರ್ಷ ಊರಿನವರ ಮಕ್ಕಳಿಗೆಲ್ಲ ಅಂಕ ಹಾಕಿದ ಟೀಚರಮ್ಮ ಇವತ್ತು ತನ್ನ ಅಪ್ಪನ ಅಂಕಕ್ಕಾಗಿ ಆಸ್ಪತ್ರೆಯಲ್ಲಿ ಕೂತಿದ್ದಳು. ಇದೆಲ್ಲ ಅಣ್ಣನ ಕೃಪೆ. ಅಪ್ಪ ಎರಡು ಸಲ ಗ್ಯಾಸ್ ಆರಿಸಲು ಮರೆತದ್ದೇ ತಡ, ಅಣ್ಣನೊಳಗೆ ವರ್ಷಗಟ್ಟಲೆ ಗೊರಕೆ ಹೊಡೆಯುತ್ತಿದ್ದ ಪಿತೃಭಕ್ತಿ ದಡಬಡಿಸಿ ಎದ್ದಿತ್ತು. ಅಪರೂಪಕ್ಕೆ ಮುಖ ತೋರಿಸುವ ಆ ಮಹಾನುಭಾವ ಫೋನಿನಲ್ಲೇ ತೀರ್ಪು ಕೊಟ್ಟಿದ್ದ: ನೆನಪಿನ ಪರೀಕ್ಷೆಯಲ್ಲಿ ಫೇಲಾದರೆ ಅಪ್ಪನ ರಬ್ಬರ್ ಸ್ಟಾಂಪ್ ಅಂಗಡಿಗೆ ಬೀಗ.

"ಅಪ್ಪನ ತಲೆ ನಿನ್ನ ತಲೆಗಿಂತ ಚೆನ್ನಾಗಿದೆ ಕಣೋ," ಎಂದಿದ್ದಳು. ಹಾಗೆ ಅಂದರೂ, ಕೆತ್ತುವ ಬ್ಲೇಡು ಕೈಯಲ್ಲಿಲ್ಲದ ಅಪ್ಪನನ್ನು ನೆನೆಸಿಕೊಂಡರೇ ಅವಳಿಗೆ ಭಯವಾಗುತ್ತಿತ್ತು.

ವೈದ್ಯೆ ಚಿಕ್ಕ ವಯಸ್ಸಿನವಳು. ಮುದುಕರೆಲ್ಲ ಕಿವುಡರೆಂದು ಯಾರೋ ಅವಳಿಗೆ ಪಾಠ ಮಾಡಿದ್ದಿರಬೇಕು. "ತಾತ, ಒಂದು ಗಡಿಯಾರ ಬರೀರಿ," ಎಂದು ಕೂಗಿದಳು. "ಹನ್ನೊಂದು ಗಂಟೆ ಹತ್ತು ನಿಮಿಷ ಆಗಿರ್ಬೇಕು. ಕೆಳಗೆ ನಿಮಗೆ ತೋಚಿದ ಒಂದು ವಾಕ್ಯ."

"ಆಗಲಿ ತಾಯಿ," ಎಂದ ಅಪ್ಪ. ಇತ್ತೀಚೆಗೆ ಅವನಿಗೆ ಎಲ್ಲರೂ ತಾಯಿಯೇ. ಹಾಲಿನವಳು, ನರ್ಸು, ಕೊನೆಗೆ ಮಗಳು ಕೂಡ. ವಯಸ್ಸಾದ ಮೇಲಾದರೂ ಅಪ್ಪ ಮೆತ್ತಗಾದನಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು.

ಅಪ್ಪ ಪೆನ್ಸಿಲನ್ನು ಬ್ಲೇಡಿನಂತೆ ಒತ್ತಿ ಒತ್ತಿ ಬರೆದು ಮುಗಿಸಿದ. ವೈದ್ಯೆ ನೋಡಿ ಹುಬ್ಬು ಗಂಟಿಕ್ಕಿದಳು. ಹನ್ನೆರಡರ ಎಡಕ್ಕೆ ಒಂದು, ಬಲಕ್ಕೆ ಹನ್ನೊಂದು. ಕೆಳಗಿನ ವಾಕ್ಯದ ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. "ಎರಡಕ್ಕೂ ಸೊನ್ನೆ ಮೇಡಂ," ಎಂದಳು.

ಅಂಕಕ್ಕಾಗಿ ಜಗಳಕ್ಕೆ ಬರುವ ತಾಯಂದಿರನ್ನು ಕಂಡು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ನಕ್ಕಿದ್ದ ಟೀಚರಮ್ಮ, ಈಗ ತಾನೂ ಹಾಗೆಯೇ ಮೇಜಿನ ಮೇಲೆ ಬಾಗಿದಳು.

"ಡಾಕ್ಟರೇ, ಇವರು ಐವತ್ತು ವರ್ಷ ಸ್ಟಾಂಪ್ ಕೆತ್ತಿದವರು. ಉಲ್ಟಾ ಕೆತ್ತಿದ್ರೇನೇ ಕಾಗದದ ಮೇಲೆ ನೆಟ್ಟಗೆ ಬೀಳೋದು. ಗಾಬರಿ ಆದ್ರೆ ಕೈ ತನ್ನ ಹಳೇ ದಾರಿ ಹಿಡಿಯುತ್ತೆ. ನಿಮ್ಮ ಸ್ಟಾಂಪನ್ನೇ ತಿರುಗಿಸಿ ನೋಡಿ."

ವೈದ್ಯೆ ತಿರುಗಿಸಿ ನೋಡಿದಳು. ಅವಳ ಉದ್ದುದ್ದ ಪದವಿಗಳೆಲ್ಲ ಅಲ್ಲಿ ಉಲ್ಟಾ ನಿಂತಿದ್ದವು.

ಟೀಚರಮ್ಮ ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೊಂದು ಗಂಟೆ ಹತ್ತು ನಿಮಿಷ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಣ್ಣನ ನೀರಿಳಿಸುವ ಮಾತುಗಳು ಆಗಲೇ ನಾಲಿಗೆಯ ತುದಿಗೆ ಬಂದಿದ್ದವು. ಆಮೇಲೆ ಕೆಳಗಿನ ಸಾಲು ಓದಿದಳು.

'ನನ್ನನ್ನು ಕರೆತಂದ ಹೆಂಗಸು ತುಂಬಾ ಒಳ್ಳೆಯವಳು, ಯಾರ ಮನೆಯ ಮಗಳೋ ಗೊತ್ತಿಲ್ಲ.'

"ಗಡಿಯಾರಕ್ಕೆ ಪೂರ್ತಿ ಅಂಕ," ಎಂದಳು ವೈದ್ಯೆ, ತನ್ನ ಅಂಕಪಟ್ಟಿಯ ಸೊನ್ನೆಯನ್ನು ಹೊಡೆದುಹಾಕುತ್ತ. "ವಾಕ್ಯ ಪೂರ್ತಿ ಇದೆಯಾ ಮೇಡಂ? ಕರ್ತೃ, ಕ್ರಿಯಾಪದ ಇದ್ರೆ ಸಾಕು. ಏನು ಬರೆದಿದ್ದಾರೆ ಅನ್ನೋದಕ್ಕೆ ಅಂಕ ಇಲ್ಲ."

"ಪೂರ್ತಿ ಇದೆ. ಒಂದು ತಪ್ಪೂ ಇಲ್ಲ."

ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿಬಿಟ್ಟಿದ್ದರೆ ಅವಳು ಅಣ್ಣನೆದುರು ಗೆದ್ದಂತೆಯೇ. ಆದರೆ ಅವಳು ಅದನ್ನು ಮಗುಚಿದಂತೆಯೇ ವೈದ್ಯೆಯ ಕಡೆಗೆ ಚಾಚಿದಳು. "ನೀವೂ ಒಂದ್ಸಲ ಓದಿ. ಆಮೇಲೆ ಅಂಕ ಹಾಕಿ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಅಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವಳ ಕೈ ತಟ್ಟಿದ. "ಹೆದರ್ಬೇಡ ತಾಯಿ, ಸುಲಭದ ಪರೀಕ್ಷೆ. ನಿನ್ನ ಜೊತೆ ಯಾರೂ ಬಂದಿಲ್ವಾ?"

"ಅಪ್ಪ ಬಂದಿದ್ದಾರೆ," ಎಂದಳು ಮಗಳು.