ಬೆನ್ನ ಮೇಲಿನ ಚೌಕ

ಗಜಾನನ ಹೆಗಡೆಯವರು ಸುಳ್ಳು ಹೇಳುವ ಮನುಷ್ಯರಲ್ಲ. ಕಾರವಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೃದಯದ ರಕ್ತನಾಳ ಬಿಡಿಸುವ ಕೋಣೆಯ ಎಕ್ಸ್‌ರೇ ಯಂತ್ರ ನಡೆಸುತ್ತಿದ್ದರು. ಸಂಧ್ಯಾವಂದನೆ ಮುಗಿಸದೆ ಒಂದು ದಿನವೂ ಅಂಕೋಲೆಯಿಂದ ಬಸ್ಸು ಹತ್ತಿದವರಲ್ಲ. ಅಂಥವರ ಕೈಯಿಂದ ಆದ ತಪ್ಪು ಇದು.

೨೦೦೮ರಲ್ಲಿ ಆ ಕೋಣೆಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂತು. ಚಿಕಿತ್ಸೆಯ ಹೊತ್ತಿನಲ್ಲಿ ಕಿರಣ ಮಂಚದ ಅಡಿಯಿಂದ ಚೌಕಾಕಾರವಾಗಿ ಬಂದು ರೋಗಿಯ ಬೆನ್ನನ್ನು ಹೊಗುತ್ತದೆ. ಯಾವ ಓರೆಯ ಕೋನದಲ್ಲಿ ಎಷ್ಟು ಹೊತ್ತು ಬಿತ್ತೆಂದು ಬರೆದುಕೊಟ್ಟರೆ, ಚರ್ಮಕ್ಕೆ ತಗಲಿದ ಪ್ರಮಾಣವನ್ನು ಅಂದಾಜು ಮಾಡಿ ಆ ಸಾಫ್ಟ್‌ವೇರ್ ಬೆನ್ನಿನ ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಹಸಿರು, ಹಳದಿ ಬಂದರೆ ಚಿಂತೆಯಿಲ್ಲ. ಕೆಂಪು ಬಂದರೆ ರೋಗಿಗೆ ತಿಳಿಸಿ, ಎರಡು ವಾರಕ್ಕೆ ಕರೆಸಿ ಬೆನ್ನು ನೋಡಬೇಕು.

ಬೆಳಂಬಾರದ ಮೀನುಗಾರ ತುಳಸಿದಾಸ ಚೌತಿಯ ಮುನ್ನಾದಿನ ಆ ಮಂಚದ ಮೇಲೆ ಮಲಗಿದ. ದಪ್ಪ ಮೈಯ ಆಳು. ನಾಳ ಬಿಡಿಸಲು ಮೂರು ತಾಸು ಹಿಡಿಯಿತು. ಅದರಲ್ಲಿ ಹೆಚ್ಚಿನ ಹೊತ್ತು ಯಂತ್ರ ಒಂದೇ ಓರೆಯಲ್ಲಿ ನಿಂತಿತ್ತು. ಹೆಗಡೆಯವರು ಎಲ್ಲವನ್ನೂ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದರು. ಆದರೆ ನಾಲ್ಕರ ಬಸ್ಸಿಗೆ ಹೊತ್ತಾಗಿತ್ತು. ಮನೆಗೆ ಗಣಪತಿ ತರಬೇಕಿತ್ತು. ಸಾಫ್ಟ್‌ವೇರಿನಲ್ಲಿ ಮೂವತ್ತು ಸಾಲು ತುಂಬುವ ಬದಲು ಒಟ್ಟು ಹೊತ್ತನ್ನು ಐದು ಓರೆಗಳಿಗೆ ಸಮನಾಗಿ ಹಂಚಿ ಬರೆದುಬಿಟ್ಟರು. ಚಿತ್ರದ ಬೆನ್ನೆಲ್ಲ ತೆಳುವಾಗಿ ಹಳದಿಯಾಯಿತು. ಚೀಟಿಯನ್ನು ಚೀಲದಲ್ಲಿದ್ದ ಪಂಚಾಂಗದೊಳಗೆ ಸಿಕ್ಕಿಸಿ ಓಡಿದರು.

ಮೂರು ವಾರದ ಮೇಲೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ತುಳಸಿದಾಸನ ಹೆಂಡತಿ ಮಾದೇವಿ ಆಸ್ಪತ್ರೆಯಲ್ಲಿ ಕಂಡ ಗುರುತಿನಿಂದ ಮೀನಿನ ಬುಟ್ಟಿ ಇಳಿಸಿ ಅವರನ್ನು ಅಡ್ಡಗಟ್ಟಿದಳು.

“ಹೆಗಡೇರೆ, ನಮ್ಮೋರ ಬೆನ್ನಿಗೆ ಕೆಂಪಗೆ ಎದ್ದದೆ. ಉರಿ ಉರಿ ಹೇಳ್ತ್ರು. ಎಂತದ್ರಾ ಅದು?”

“ಎಲ್ಲಿ?”

“ಬಲ ಹೆಗಲಿನ ಕೆಳಗೆ. ದೋಣಿ ಎಳೆಯೂಕೆ ಅಡ್ಡ ಬರ್ತದೆ ಹೇಳಿ ನಾಗರಬನದ ಟೊಂಗೆ ಕಡ್ದಿದ್ರು. ನಾ ಬ್ಯಾಡ ಅಂದೆ. ನನ್ನ ಮಾತು ಯಾವತ್ತು ಕೇಳಿದ್ರು ಅವ್ರು?”

ಬಸ್ಸು ಹೊರಡುವುದರಲ್ಲಿತ್ತು. “ಸರ್ಪಸುತ್ತೇ ಇರಬೇಕು ತಂಗಿ. ನಾಗನಿಗೆ ಹಾಲೆರೆದು ತಪ್ಪುಕಾಣಿಕೆ ಇಡಿ” ಎಂದರು. ನಂಬಿಯೇ ಹೇಳಿದ ಮಾತು ಅದು. ಆದರೆ ಗುರುತು ಯಾವ ಆಕಾರದಲ್ಲಿದೆ ಎಂದು ಒಂದು ಮಾತು ಕೇಳಲಿಲ್ಲ.

ಮಾದೇವಿಗೆ ಅದು ಆಸ್ಪತ್ರೆಯ ಮಾತೂ ಹೌದು, ದೇವರ ಮಾತೂ ಹೌದು. ಸೋಮವಾರ ಸೋಮವಾರ ಹಾಲೆರೆದಳು. ಕಾವಿಮಣ್ಣು ಅರೆದು ಗಂಡನ ಬೆನ್ನಿಗೆ ಬಳಿದಳು. ಒಣಗಿ ಬಿಗಿದಾಗ ಉಜ್ಜಿ ತೊಳೆದು ಮತ್ತೆ ಬಳಿದಳು. ತುಳಸಿದಾಸ ದೋಣಿ ಮುಟ್ಟಲಿಲ್ಲ. ನಾಗ ಮುನಿದ ಆಳು ಹತ್ತಿದರೆ ಜೊತೆಯ ನಾಲ್ವರಿಗೂ ಕೇಡೆಂದು ದಂಡೆಯ ಮೇಲೆ ಒಬ್ಬನೇ ಬಲೆ ಸರಿಮಾಡುತ್ತ ಕುಳಿತ.

ಕಾರ್ತಿಕ ಕಳೆದ ಮೇಲೆ ಅವನನ್ನು ಆಸ್ಪತ್ರೆಗೆ ಕರೆತಂದರು. ಕಾವಿ ತೊಳೆದಾಗ ಹುಣ್ಣು ಆಳಕ್ಕಿಳಿದಿತ್ತು. ವೈದ್ಯರು ಚೌತಿಯ ಹಿಂದಿನ ದಿನದ ಅಂದಾಜು ತೆಗೆಸಿದರು. ಪರದೆಯ ಮೇಲೆ ಹಳದಿ ಬಂತು. “ಹಾಗಾದ್ರೆ ಕಿರಣದ್ದಲ್ಲ” ಎಂದು ಬೇರೆ ಔಷಧ ಬರೆದರು.

ಹೆಗಡೆಯವರು ಹುಣ್ಣನ್ನು ನೋಡಿದರು. ನಾಲ್ಕು ಅಂಚು, ನಾಲ್ಕು ಮೂಲೆ. ಪಟ್ಟಿಯಿಟ್ಟು ಗೆರೆ ಎಳೆದಂತಿತ್ತು. ಯಾವ ಸರ್ಪವೂ ಹಾಗೆ ಸುತ್ತುವುದಿಲ್ಲ.

ಪಂಚಾಂಗದಲ್ಲಿ ಚೀಟಿ ಹಾಗೆಯೇ ಇತ್ತು. ಈ ಸಲ ಒಂದೊಂದೇ ಸಾಲು ತುಂಬಿದರು. ಚಿತ್ರದಲ್ಲಿ ಬಲ ಹೆಗಲಿನ ಕೆಳಗೆ ಒಂದು ಚೌಕ ಕಡುಗೆಂಪಾಗಿ ಮೂಡಿತು. ಅದನ್ನು ವೈದ್ಯರ ಮುಂದಿಟ್ಟು ತಪ್ಪೊಪ್ಪಿಕೊಂಡರು. ವೈದ್ಯರು ಬೈದರು, ತುಳಸಿದಾಸನನ್ನು ಚರ್ಮದ ವೈದ್ಯರಲ್ಲಿಗೆ ಕಳುಹಿಸಿದರು. ಆದರೆ ಅವನಿಗೆ ಕಾರಣ ಯಾರೂ ಹೇಳಲಿಲ್ಲ. ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಆದರೆ ಜಪಕ್ಕೆ ಕುಳಿತರೆ ಹೆಗಡೆಯವರಿಗೆ ಎಣಿಕೆ ತಪ್ಪುತ್ತಿತ್ತು.

ಭಾನುವಾರ ಚಿತ್ರ ಹಿಡಿದು ಬೆಳಂಬಾರಕ್ಕೆ ಹೋದರು.

“ತುಳಸಿದಾಸ, ನಾಗ ಮುನಿದದ್ದಲ್ಲ. ಇದು ಕಿರಣ ಸುಟ್ಟ ಗಾಯ. ಬಸ್ಸಿನ ಅವಸರಕ್ಕೆ ನಾನು ತಪ್ಪು ಬರೆದೆ. ಸರಿಯಾಗಿ ಬರೆದಿದ್ರೆ ಎರಡೇ ವಾರಕ್ಕೆ ನಿನ್ನ ಕರೆಸಿ ನೋಡ್ತಿದ್ರು. ಆಮೇಲೂ ವಿಚಾರಿಸದೆ ನಾಗನ ಹೆಸರು ಹೇಳಿದೆ.”

ತುಳಸಿದಾಸ ಆ ಕೆಂಪು ಚೌಕದ ಮೇಲೆ ಬೆರಳಿಟ್ಟ.

“ಹಾಂಗಾದ್ರೆ ನಾ ಪಾಪಿ ಅಲ್ವಾ?”

“ಅಲ್ಲ.”

ಅವನು ಚಿತ್ರವನ್ನು ಹೆಂಡತಿಯ ಕೈಗೆ ಕೊಟ್ಟ. ಮಾದೇವಿಗೆ ಸಿಟ್ಟು ತಡೆಯಲಾಗಲಿಲ್ಲ. “ಅಯ್ಯೋ, ಆ ಗಾಯ ಉಜ್ಜಿ ಉಜ್ಜಿ ತೊಳ್ದೆನಲ್ರಾ! ಅವ್ರು ಕೂಗ್ತಿದ್ರು. ದೋಷ ಹೋಗ್ಲಿ ಹೇಳಿ ಮತ್ತೂ ಉಜ್ದೆ. ಆ ಬಸ್ಸು ಹೋದ್ರೆ ಇನ್ನೊಂದು ಇರ್ಲಿಲ್ವಾ ಹೆಗಡೇರೆ?”

ಇತ್ತು. ಐದಕ್ಕೊಂದು ಇತ್ತು.

ಅವಳು ಕಣ್ಣೊರೆಸಿಕೊಂಡು ಗಂಡನನ್ನು ಕೇಳಿದಳು. “ನಾಳೆ ಸೋಮವಾರ. ಹಾಲು ಇನ್ನು ಬ್ಯಾಡವಾ?”

“ಬ್ಯಾಡ ಅನ್ಬೇಡ ಮಾರಾಯ್ತಿ. ಏನೂ ಮಾಡದ ನಾಗನ ಮೇಲೆ ಇಷ್ಟು ದಿನ ಅಪವಾದ ಹೊರಿಸಿದ್ವಿ. ಈ ಸಲದ ತಪ್ಪುಕಾಣಿಕೆ ಹೆಗಡೇರೇ ಇಡ್ಲಿ.”

ಸೋಮವಾರ ಬೆಳಿಗ್ಗೆ ಹೆಗಡೆಯವರು ಆಸ್ಪತ್ರೆಗೆ ರಜೆ ಹಾಕಿ ಬಂದು ನಾಗರಕಲ್ಲಿಗೆ ಹಾಲೆರೆದರು. ಬಾಯಿಪಾಠವಾಗಿದ್ದ ಮಂತ್ರ ಒಂದೂ ಬರಲಿಲ್ಲ. ಎದ್ದು ನೋಡಿದರೆ ದಂಡೆಯಲ್ಲಿ ತುಳಸಿದಾಸ ನಿಂತಿದ್ದ. ಗಾಯ ಮಾಯುವವರೆಗೆ ಕಡಲಿಗಿಳಿಯಬಾರದೆಂದು ವೈದ್ಯರು ಹೇಳಿದ್ದರು. ಅವನು ಇಳಿಯಲಿಲ್ಲ, ಮೂರು ತಿಂಗಳಲ್ಲಿ ಮೊದಲ ಸಲ ದೋಣಿಯ ಅಂಚಿಗೆ ಕೈಯಿಟ್ಟು ನಿಂತಿದ್ದ. ಹೆಗಡೆಯವರ ಕಡೆ ತಿರುಗಿ ನೋಡಲಿಲ್ಲ.